ನಾಯಿಯ ಸ್ವಭಾವ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಸೀಮೆಗಳಲ್ಲಿ ಊರೆಂದರೆ ಬಯಲುನಾಡಿನಂತೆ ಒತ್ತೊತ್ತಾಗಿ ನಿಂತ ಮನೆಗಳ ಸಾಲಲ್ಲ. ಒಂದು ಮನೆ ಗುಡ್ಡದ ಮಗ್ಗುಲಲ್ಲಿದ್ದರೆ ಇನ್ನೊಂದು ಮನೆ ಹಳ್ಳದಾಚೆಯ ದಿಣ್ಣೆಯ ಮೇಲಿರುತ್ತದೆ. ನಡುವೆ ಕಾಫಿ ತೋಟ, ಅದಕ್ಕೆ ನೆರಳು ಕೊಡುವ ಹೆಮ್ಮರಗಳು, ತಗ್ಗಿನಲ್ಲಿ ಗದ್ದೆ, ಎತ್ತರದಲ್ಲಿ ಕಾಡು. ಇಂತಹ ಒಂಟಿ ಮನೆಗಳ ಅಂಗಳದಲ್ಲಿ ನಾಯಿ ಇಲ್ಲದಿರುವುದು ಅಪರೂಪ. ಬರುವವನು ನೆಂಟನೋ ಅಂಚೆಯವನೋ ಅಪರಿಚಿತನೋ ಎಂಬುದನ್ನು ಮನೆಯವರು ಅರಿಯುವುದು ನಾಯಿಯ ದನಿಯಿಂದಲೇ. ಸುಗ್ಗಿಯಲ್ಲಿ ಕಣದಲ್ಲಿ ಒಣಗುವ ಕಾಫಿಗೂ ಮೆಣಸಿಗೂ ಅದೇ ಕಾವಲು. ಗದ್ದೆಗೆ ಇಳಿಯುವ ಕಾಡುಹಂದಿಯ ಸುಳಿವನ್ನು ಮೊದಲು ಸಾರುವುದೂ ಅದೇ.

ಆದರೆ ಈ ಸೀಮೆಯ ನಾಯಿಗಳೆಲ್ಲವೂ ಒಂದೇ ಬಗೆಯವಲ್ಲ. ತಲೆತಲಾಂತರದಿಂದ ಇಲ್ಲಿಯೇ ಬೆಳೆದುಬಂದ ನಾಡುನಾಯಿಗಳಿವೆ. ವಿಲಾಯತಿಯ ಹಲವು ತಳಿಗಳ ನಾಯಿಗಳೂ ತೋಟದ ಮನೆಗಳಲ್ಲಿ ಸಾಮಾನ್ಯವಾಗಿವೆ. ಆಡುಮಾತಿನಲ್ಲಿ ಇವುಗಳಿಗೆ ‘ಜಾತಿನಾಯಿ’ ಎಂದೂ ಊರಿನ ನಾಯಿಗೆ ‘ಕಂತ್ರಿನಾಯಿ’ ಎಂದೂ ಹೆಸರು. ಹೆಸರಿನಲ್ಲಿಯೇ ಒಂದು ತೀರ್ಪು ಅಡಗಿದೆ: ಮೊದಲನೆಯದು ಮೇಲು, ಎರಡನೆಯದು ಕೀಳು. ಹಾಗೆಯೇ ಒಂದು ತಳಿ ಸಾಧು, ಇನ್ನೊಂದು ತಳಿ ಕ್ರೂರ ಎಂಬ ನಂಬಿಕೆಯೂ ಬಲವಾಗಿದೆ. ಈ ತೀರ್ಪು ಎಷ್ಟರಮಟ್ಟಿಗೆ ನಿಜ? ನಾಯಿಯ ಸ್ವಭಾವವನ್ನು ಅದರ ತಳಿಯಿಂದ ತಿಳಿಯಬಹುದೆ? ನಾಯಿಯೊಡನೆ ಬಾಳುವ ಪ್ರತಿಯೊಬ್ಬನೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಸಂಜೆಗತ್ತಲಿನಲ್ಲಿ ತೋಟದ ಅಂಚಿನ ಲಂಟಾನದ ಪೊದೆಯೊಳಗೆ ತರಗೆಲೆ ಸರಿದಾಡಿದ ಸದ್ದಾಯಿತೆಂದು ಭಾವಿಸಬಹುದು. ಅಂಗಳದ ತುದಿಯಲ್ಲಿ ಮಲಗಿದ್ದ ನಾಡುನಾಯಿ ಥಟ್ಟನೆ ಎದ್ದು, ಎಲ್ಲೆಯನ್ನು ದಾಟದೆ ಅಲ್ಲಿಯೇ ನಿಂತು ಬೊಗಳತೊಡಗುತ್ತದೆ. ಆಲ್ಸೇಷಿಯನ್ ಒಡೆಯನ ಪಕ್ಕಕ್ಕೆ ಬಂದು ಕಿವಿ ನಿಮಿರಿಸಿ ಅವನ ಮುಖವನ್ನೊಮ್ಮೆ ಪೊದೆಯನ್ನೊಮ್ಮೆ ನೋಡುತ್ತದೆ. ಸ್ಪೇನಿಯಲ್ ಯಾರ ಅಪ್ಪಣೆಗೂ ಕಾಯದೆ ಮೂಗನ್ನು ನೆಲಕ್ಕಿಟ್ಟು ಪೊದೆಯೊಳಗೆ ನುಗ್ಗಿಬಿಡುತ್ತದೆ. ಸದ್ದು ಒಂದೇ, ಅದಕ್ಕೆ ದೊರೆತ ಉತ್ತರ ಮಾತ್ರ ಮೂರು ಬಗೆ. ಹೀಗೆ ಒಂದೇ ಸನ್ನಿವೇಶಕ್ಕೆ ಪ್ರಾಣಿಯೊಂದು ಬಹುಮಟ್ಟಿಗೆ ಪದೇ ಪದೇ ತೋರುವ ತನ್ನದೇ ಆದ ಪ್ರತಿಕ್ರಿಯೆಯ ರೀತಿಗೆ ‘ಸ್ವಭಾವ’ ಅಥವಾ ‘ಮನೋಧರ್ಮ’ ಎನ್ನುತ್ತಾರೆ. ಧೈರ್ಯ ಅಥವಾ ಅಂಜಿಕೆ, ಜನರ ಮೇಲಿನ ಒಲವು, ಹೊಸಬರ ಬಗೆಗಿನ ಸಂಶಯ, ಚಟುವಟಿಕೆ, ಬೇಟೆಯ ಹಂಬಲ, ಒಡೆಯನ ಮಾತನ್ನು ಲಕ್ಷಿಸುವ ಗುಣ, ಇವೆಲ್ಲವೂ ಸ್ವಭಾವದ ಅಂಗಗಳು.

ಈ ಭೇದಗಳು ಹೇಗೆ ಹುಟ್ಟಿದುವೆಂಬುದನ್ನು ತಿಳಿಯಲು ನಾಯಿಯ ಮೂಲಕ್ಕೆ ಹೋಗಬೇಕು. ಎಲ್ಲ ನಾಯಿಗಳೂ ತೋಳದ ಸಂತತಿ. ಕಡಿಮೆಯೆಂದರೂ 15,000 ವರ್ಷಗಳ ಹಿಂದೆಯೇ ತೋಳದ ಒಂದು ಕವಲು ಮಾನವನ ನೆರೆಗೆ ಬಂದು ನಾಯಿಯಾಯಿತು. ತೋಳದ ಬೇಟೆಯನ್ನು ಗಮನಿಸಿದರೆ ಅದರಲ್ಲಿ ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಬರುವ ಕೆಲಸಗಳು ಕಾಣುತ್ತವೆ. ಮೊದಲು ಹುಡುಕುವುದು, ಬಳಿಕ ದಿಟ್ಟಿಸುವುದು, ಅನಂತರ ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕಡೆಗೆ ಕೊಲ್ಲುವುದು. ಮಾನವನು ತನ್ನ ಬೇರೆ ಬೇರೆ ಕೆಲಸಗಳಿಗೆ ನಾಯಿಗಳನ್ನು ಆರಿಸಿ ಆರಿಸಿ ಬೆಳೆಸಿದಾಗ ಈ ಸರಪಳಿಯ ಒಂದೊಂದು ಕೊಂಡಿ ಒಂದೊಂದು ತಳಿಯಲ್ಲಿ ಬಲಗೊಂಡಿತು. ಮತ್ತೊಂದು ಕೊಂಡಿ ಸಡಿಲವಾಯಿತು.

ಪಾಯಿಂಟರ್ ಎಂಬ ನಾಯಿ ಹಕ್ಕಿಯ ವಾಸನೆ ಹತ್ತಿದೊಡನೆ ಕಲ್ಲಿನ ಬೊಂಬೆಯಂತೆ ನಿಂತುಬಿಡುತ್ತದೆ. ಅದರ ಬೇಟೆ ದಿಟ್ಟಿಸುವುದರಲ್ಲಿಯೇ ನಿಲ್ಲುತ್ತದೆ. ಕುರಿ ಕಾಯುವ ಕೋಲಿ ದಿಟ್ಟಿಸುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ. ಆದರೆ ಕುರಿಯನ್ನು ಕೊಲ್ಲುವುದಿಲ್ಲ. ಹೊಡೆದ ಹಕ್ಕಿಯನ್ನು ತಂದೊಪ್ಪಿಸುವ ನಾಯಿಯಲ್ಲಿ ಹಿಡಿಯುವ ಕೊಂಡಿ ಬಲವಾಗಿದೆ. ಆದರೆ ಅದರ ಬಾಯಿ ಎಷ್ಟು ಮೃದುವೆಂದರೆ ಹಕ್ಕಿಯ ಮೈಗೆ ಹಲ್ಲು ನಾಟದು. ಇಲಿ, ನರಿಗಳ ಬಿಲಕ್ಕೆ ನುಗ್ಗುವ ಟೆರಿಯರ್‌ನಲ್ಲಿ ಮಾತ್ರ ಸರಪಳಿ ಬಹುಮಟ್ಟಿಗೆ ಕಡೆಯ ಕೊಂಡಿಯವರೆಗೂ ಉಳಿದಿದೆ. ಆದ್ದರಿಂದ ತಳಿಯ ಸ್ವಭಾವವೆಂದರೆ ಮೂಲತಃ ಆ ತಳಿ ಮಾಡಿಕೊಂಡು ಬಂದ ಕಸುಬಿನ ನೆನಪು ಎನ್ನಬಹುದು.

ಕಾಫಿ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ತಳಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಸ್ಪೇನಿಯಲ್ ಪೊದೆಗಳಲ್ಲಿ ಅಡಗಿದ ಹಕ್ಕಿಗಳನ್ನು ಎಬ್ಬಿಸುವುದಕ್ಕಾಗಿ ಬೆಳೆಸಿದ ನಾಯಿ. ಮೂಡಿಗೆರೆಯ ತೋಟದಲ್ಲಿ ಬಾಳಿದ ಹಿರಿಯ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಓದಿದವರಿಗೆ ‘ಕಿವಿ’ ಎಂಬ ನಾಯಿಯ ಪರಿಚಯವಿದ್ದೇ ಇರುತ್ತದೆ. 1980ರಲ್ಲಿ ಪ್ರಕಟವಾದ ಆ ಕೃತಿಯಲ್ಲಿ ಅದೂ ಒಂದು ಪಾತ್ರವೇ. ಕಾಫಿ ಗಿಡಗಳ ನಡುವೆ ಕಣ್ಣು ಹತ್ತು ಮಾರು ದೂರ ಹರಿಯುವುದೂ ಕಷ್ಟ. ಅಲ್ಲಿ ಮೂಗನ್ನು ನಂಬುವ ಸ್ಪೇನಿಯಲ್‌ಗೆ ಕೆಲಸಕ್ಕೆ ಕೊರತೆಯಿಲ್ಲ. ಅದು ಜನರನ್ನು ಬಲು ಬೇಗ ಹಚ್ಚಿಕೊಳ್ಳುತ್ತದೆ. ಆದರೆ ವಾಸನೆಯ ಜಾಡು ಹತ್ತಿದ ಮೇಲೆ ಒಡೆಯನ ಕೂಗು ಅದರ ಉದ್ದನೆಯ ಕಿವಿಗಳಿಗೆ ಕೇಳಿಸುವುದೇ ಇಲ್ಲವೇನೋ ಎನಿಸುತ್ತದೆ. ಇದು ಮೊಂಡುತನವಲ್ಲ, ಅದರ ಕಸುಬಿನ ಗುಣ.

ಲ್ಯಾಬ್ರಡಾರ್ ನಾಯಿಯ ಪೂರ್ವಿಕರು ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡ್ ದ್ವೀಪದ ಬೆಸ್ತರ ಸಂಗಾತಿಗಳು. ನೀರು, ಬಾಯಲ್ಲಿ ಕಚ್ಚಿಕೊಂಡು ತಿರುಗಲು ಒಂದು ವಸ್ತು, ಒಡೆಯನ ಮೆಚ್ಚುಗೆ, ಇವಿಷ್ಟಿದ್ದರೆ ಅದು ತೃಪ್ತ. ಅದರ ಅತಿಯಾದ ಹಸಿವು ಎಲ್ಲರಿಗೂ ತಿಳಿದ ಸಂಗತಿ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ಪರೀಕ್ಷಿಸಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದು ನಾಯಿಯಲ್ಲಿ ಹಸಿವನ್ನು ಹದದಲ್ಲಿಡುವ ವಂಶವಾಹಿಯ ಒಂದು ತುಣುಕು ಕಳೆದುಹೋಗಿದೆ. ತಿಂಡಿಗೆ ಆಸೆಪಡುವ ನಾಯಿಯನ್ನು ಪಳಗಿಸುವುದು ಸುಲಭ. ಕಳ್ಳನೂ ಅದೇ ತಿಂಡಿಯಿಂದ ಅದನ್ನು ಒಲಿಸಿಕೊಂಡರೆ ಆಶ್ಚರ್ಯವಿಲ್ಲ. ಕಣದ ಕಾವಲಿಗೆಂದು ಲ್ಯಾಬ್ರಡಾರ್ ತಂದು, ಅದು ಬಂದವರಿಗೆಲ್ಲ ಬಾಲವಾಡಿಸಿತೆಂದು ಕೊರಗುವವನು ತನ್ನ ಆಯ್ಕೆಯನ್ನು ದೂರಬೇಕೇ ಹೊರತು ನಾಯಿಯನ್ನಲ್ಲ.

ಆಲ್ಸೇಷಿಯನ್ ನಾಯಿಯ ಮೂಲ ಹೆಸರು ಜರ್ಮನ್ ಶೆಫರ್ಡ್. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜನಕ್ಕೆ ಜರ್ಮನಿಯ ಹೆಸರು ಹಿಡಿಸದೆ ಈ ಹೆಸರು ಬಳಕೆಗೆ ಬಂದಿತು. ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ 1899ರಲ್ಲಿ ಈ ತಳಿಗೆ ಖಚಿತರೂಪ ಕೊಡಲು ಆರಂಭಿಸಿದನು. ಬೇಲಿಯಿಲ್ಲದ ಹೊಲಗಳ ನಡುವೆ ಮೇಯುವ ಕುರಿಗಳು ಬೆಳೆಗೆ ನುಗ್ಗದಂತೆ ಎಲ್ಲೆಯುದ್ದಕ್ಕೂ ಓಡಾಡುತ್ತ ತಾನೇ ಬೇಲಿಯಾಗಿರುವುದು ಅದರ ಪೂರ್ವಿಕರ ಕೆಲಸವಾಗಿತ್ತು. ಎಲ್ಲೆಯ ಪರಿಜ್ಞಾನ, ಒಡೆಯನ ಇಂಗಿತವನ್ನು ಅರಿಯುವ ಚುರುಕು, ಹೊಸಬರ ಮೇಲೆ ಎಚ್ಚರ, ಇವು ಆ ಕೆಲಸದಿಂದ ಬಂದ ಗುಣಗಳು. ಡಾಬರ್‌ಮನ್ ತಳಿಯನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಅಪೋಲ್ಡಾ ಪಟ್ಟಣದಲ್ಲಿ ಲೂಯಿ ಡಾಬರ್‌ಮನ್ ಎಂಬಾತನು ಬೆಳೆಸಿದನು. ತೆರಿಗೆಯ ವಸೂಲಿಗೆ ಹೋಗುತ್ತಿದ್ದ ಅವನಿಗೆ ಜೊತೆಯಲ್ಲಿ ನಡೆಯುವ ಕಾವಲುಗಾರನೊಬ್ಬನು ಬೇಕಾಗಿದ್ದನು. ಇಂತಹ ನಾಯಿಗಳಿಗೆ ದಿನವೂ ಕೆಲಸ ಬೇಕು, ಓಟ ಬೇಕು, ಕಲಿಸುವವರು ಬೇಕು. ಇವಾವುವೂ ದೊರೆಯದಿದ್ದರೆ ಅವುಗಳ ಚುರುಕೇ ಕಾಟವಾಗಿ ತಿರುಗುತ್ತದೆ.

ಕರ್ನಾಟಕದ ಹೆಮ್ಮೆಯ ತಳಿಯೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರ್ಕಾರವು 2005ರಲ್ಲಿ ಹೊರತಂದಿತು. ಕೃಶವಾದ ದೇಹ, ಉದ್ದವಾದ ಕಾಲು, ಆಳವಾದ ಎದೆ, ಚೂಪಾದ ಮೋರೆ, ದೂರಕ್ಕೆ ಹರಿಯುವ ನೋಟ, ಇವೆಲ್ಲವೂ ಬಯಲುಸೀಮೆಯ ಓಟಕ್ಕೆ ಒಪ್ಪಿದುವು. ಅದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ಹೊಸಬರು ಮೈ ಮುಟ್ಟುವುದು ಅದಕ್ಕೆ ರುಚಿಸದು. ತನ್ನವರಿಗೆ ಮಾತ್ರ ಅದು ನಿಷ್ಠೆಯುಳ್ಳದ್ದು. ಎರೆಭೂಮಿಯ ಬಯಲಿನಲ್ಲಿ ಮಿಂಚಿನಂತೆ ಓಡುವ ಈ ನಾಯಿಯನ್ನು ದಟ್ಟವಾದ ಕಾಫಿ ಗಿಡಗಳ ನಡುವೆ ತಂದು ಕಟ್ಟಿದರೆ ಕಣ್ಣಿಗೆ ನೋಟವಿಲ್ಲ, ಕಾಲಿಗೆ ಓಟವಿಲ್ಲ. ತಳಿ ಎಷ್ಟೇ ಶ್ರೇಷ್ಠವಾದರೂ ನೆಲ ಒಗ್ಗದಿದ್ದರೆ ಅದರ ಗುಣ ಮಸುಕಾಗುವುದು.

ಇನ್ನು ನಾಡುನಾಯಿ. ಲೈನ್ ಮನೆಗಳ ಮುಂದೆ, ಗದ್ದೆಯ ಬದುವಿನಲ್ಲಿ, ಬಸ್ಸು ನಿಲ್ಲುವ ಕಡೆಯಲ್ಲಿ ಕಾಣುವ ಈ ನಾಯಿಯನ್ನು ಯಾರೂ ಒಂದು ಕೆಲಸಕ್ಕೆಂದು ಆರಿಸಿ ಬೆಳೆಸಿದವರಲ್ಲ. ಅದನ್ನು ಆರಿಸಿದುದು ಇಲ್ಲಿಯ ಬದುಕು. ಮಳೆ, ಹಸಿವು, ಉಣ್ಣೆಗಳ ಕಾಟವನ್ನು ತಾಳಿಕೊಂಡು ಉಳಿದ ನಾಯಿಯ ಮರಿಗಳೇ ಮುಂದಿನ ತಲೆಮಾರಾದುವು. ಅತಿಧೈರ್ಯದಿಂದ ಪೊದೆಗೆ ನುಗ್ಗಿದುದು ಚಿರತೆಯ ಪಾಲಾಯಿತು. ಅಂಗಳದ ಅಂಚಿನಲ್ಲಿ ನಿಂತು ಬೊಗಳಿದುದು ಬದುಕಿತು. ಎಚ್ಚರ, ಸಂಯಮ, ತನ್ನ ನೆಲೆಯ ಅಭಿಮಾನ, ಇವು ಅದರ ಸಾಮಾನ್ಯ ಗುಣಗಳು. ಅನ್ನ ಹಾಕಿ ಅಕ್ಕರೆ ತೋರಿದವರನ್ನು ಅದು ಮರೆಯುವುದಿಲ್ಲ. ಕಂತ್ರಿ ಎಂಬ ಹೀನಾಯದ ಹೆಸರು ಈ ಗುಣಗಳನ್ನು ಮರೆಮಾಡಬಾರದು.

ಇಷ್ಟನ್ನು ಕೇಳಿದವನು ತಳಿಯೇ ಸ್ವಭಾವವನ್ನು ನಿರ್ಧರಿಸುತ್ತದೆಂದು ತೀರ್ಮಾನಿಸಬಹುದು. ಸ್ವಭಾವವು ರಕ್ತದಲ್ಲಿ ಹರಿದುಬರುತ್ತದೆ ಎಂಬುದು ಸುಳ್ಳಲ್ಲ. ರಷ್ಯದ ವಿಜ್ಞಾನಿ ಡಿಮಿಟ್ರಿ ಬೆಲ್ಯಾಯೆವ್ 1959ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ನರಿಗಳ ಮೇಲೆ ಒಂದು ಪ್ರಯೋಗವನ್ನು ಪ್ರಾರಂಭಿಸಿದನು. ಮನುಷ್ಯನಿಗೆ ಹೆದರದೆ, ಅವನ ಮೇಲೆರಗದೆ ಇರುವ ನರಿಗಳನ್ನು ಮಾತ್ರ ಪ್ರತಿಯೊಂದು ತಲೆಮಾರಿನಲ್ಲಿಯೂ ಆರಿಸಿ ಸಂತಾನಕ್ಕೆ ಬಿಡಲಾಯಿತು. ಕೆಲವೇ ತಲೆಮಾರುಗಳಲ್ಲಿ ಜನರನ್ನು ಕಂಡು ಬಾಲವಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದುವು. ಸಾಧುತನವೂ ವಂಶಪಾರಂಪರ್ಯವಾಗಿ ಬರಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ವಂಶವೆಂಬುದು ಬೇರೆ, ತಳಿಯೆಂಬುದು ಬೇರೆ. ಒಂದೇ ತಾಯಿಯ ಮರಿಗಳಲ್ಲಿಯೂ ಒಂದು ಧೈರ್ಯಶಾಲಿ, ಇನ್ನೊಂದು ಅಂಜುಬುರುಕ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ಬಗ್ಗೆ ಅವುಗಳ ಒಡೆಯರಿಂದ ವಿವರ ಸಂಗ್ರಹಿಸಿ, 2,000ಕ್ಕೂ ಮೀರಿದ ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರು. ನಾಯಿ ನಾಯಿಯ ನಡುವೆ ಕಾಣುವ ಸ್ವಭಾವಭೇದದಲ್ಲಿ ತಳಿಯಿಂದ ವಿವರಿಸಬಹುದಾದುದು ಸುಮಾರು ನೂರಕ್ಕೆ ಒಂಬತ್ತು ಪಾಲು ಮಾತ್ರ ಎಂಬುದು ಅವರ ನಿರ್ಣಯ. ಹೇಳಿದ ಮಾತನ್ನು ಕೇಳುವ ಗುಣದಲ್ಲಿ ತಳಿಯ ಪ್ರಭಾವ ತಕ್ಕಮಟ್ಟಿಗೆ ಕಂಡಿತು. ಎಷ್ಟು ಬೇಗ ಕೆರಳುತ್ತದೆ ಎಂಬ ವಿಷಯದಲ್ಲಿಯೋ, ತಳಿಯನ್ನು ತಿಳಿದರೆ ನಾಯಿಯನ್ನು ತಿಳಿದಂತಾಗುವುದಿಲ್ಲವೆಂದು ಕಂಡುಬಂದಿತು. ಜನರು ಯಾವುದನ್ನು ತಳಿಯ ಗುಣವೆಂದು ಬಲವಾಗಿ ನಂಬಿದ್ದರೋ ಅಲ್ಲಿಯೇ ತಳಿಯ ಸಾಕ್ಷ್ಯ ದುರ್ಬಲವಾಗಿತ್ತು.

ಹಾಗಾದರೆ ಉಳಿದುದನ್ನು ನಿರ್ಧರಿಸುವುದು ಯಾವುದು? ಆಯಾ ನಾಯಿಗೆ ಹುಟ್ಟಿನಿಂದ ಬಂದ ವೈಯಕ್ತಿಕ ಗುಣ ಒಂದು. ಅದರ ಸಾಕಣೆ ಇನ್ನೊಂದು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1965ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಾಯಿಮರಿಯ ಬಾಳಿನಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ಬಲು ಮುಖ್ಯವೆಂದು ಅವರ ಅಧ್ಯಯನದಿಂದ ತಿಳಿದುಬಂದಿತು. ಈ ಅವಧಿಯಲ್ಲಿ ಮನುಷ್ಯರ ಸಹವಾಸವನ್ನೇ ಕಾಣದೆ ಬೆಳೆದ ಮರಿಗಳು ಮುಂದೆ ಕಾಡುಪ್ರಾಣಿಗಳಂತೆ ಜನರಿಗೆ ಬೆದರುತ್ತಿದ್ದುವು. ಮಕ್ಕಳ ಗಲಾಟೆ, ಛತ್ರಿ ಹಿಡಿದವನ ಆಕಾರ, ಜೀಪಿನ ಸದ್ದು, ದನದ ಓಡಾಟ, ಇವೆಲ್ಲವನ್ನೂ ಭಯವಿಲ್ಲದೆ ಕಂಡ ಮರಿ ದೊಡ್ಡದಾದ ಮೇಲೆ ಇವುಗಳಿಗೆ ಬೆಚ್ಚುವುದಿಲ್ಲ.

ಒಂಟಿ ಮನೆಗಳ ಕಾಫಿ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿ ಸಾಕಿದ ಮರಿಗೆ ಮನೆಯ ನಾಲ್ಕು ಮುಖಗಳ ಹೊರತು ಬೇರೆ ಮುಖಗಳು ಕಾಣುವುದೇ ಕಡಿಮೆ. ಕಾವಲಿನ ನಾಯಿ ಹೊಸಬರೊಡನೆ ಬೆರೆಯಬಾರದೆಂಬ ತಪ್ಪುಕಲ್ಪನೆಯಿಂದ ಕೆಲವರು ಅದನ್ನು ಹಗಲೆಲ್ಲ ಗೂಡಿನಲ್ಲಿ ಕೂಡಿಹಾಕುತ್ತಾರೆ, ಸರಪಳಿಯಲ್ಲಿ ಬಿಗಿಯುತ್ತಾರೆ. ಇದರಿಂದ ಬೆಳೆಯುವುದು ಧೈರ್ಯವಲ್ಲ, ಭಯ. ಓಡಿಹೋಗಲು ದಾರಿಯಿಲ್ಲದ ಅಂಜುಬುರುಕ ನಾಯಿಗೆ ಉಳಿಯುವ ಉಪಾಯ ಕಚ್ಚುವುದೊಂದೇ. ಕೋಪದಿಂದ ಕಚ್ಚುವ ನಾಯಿಗಳಿಗಿಂತ ಭಯದಿಂದ ಕಚ್ಚುವ ನಾಯಿಗಳ ವಿಷಯದಲ್ಲಿ ಜನರು ಮೋಸಹೋಗುವುದು ಹೆಚ್ಚು. ನಿಜವಾದ ಕಾವಲುನಾಯಿಯು ಜನರನ್ನು ಚೆನ್ನಾಗಿ ಬಲ್ಲುದು. ಬಲ್ಲುದರಿಂದಲೇ ಅದಕ್ಕೆ ನೆಂಟನಿಗೂ ಕಳ್ಳನಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ತಳಿಯನ್ನು ನೋಡಿ ತೀರ್ಪು ಕೊಡುವ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಕೆಲವು ನಾಯಿಗಳ ಕಡಿತದಿಂದ ಪ್ರಾಣಹಾನಿಯಾದ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯು 2024ರ ಮಾರ್ಚ್ ತಿಂಗಳಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮುಂತಾದ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಅಪಾಯಕಾರಿಯೆಂದು ಹೆಸರಿಸಿ ಅವುಗಳ ಮಾರಾಟ ಮತ್ತು ಸಂತಾನವೃದ್ಧಿಯನ್ನು ತಡೆಯಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳದೆ ಹೊರಡಿಸಿದುದೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯವು ಮರುತಿಂಗಳು ಆ ಸುತ್ತೋಲೆಯನ್ನು ರದ್ದುಪಡಿಸಿತು. ಇದರಿಂದ ಎಲ್ಲ ನಾಯಿಗಳೂ ನಿರಪಾಯಕಾರಿ ಎಂದು ತಿಳಿಯಬಾರದು. ಬಲವಾದ ದವಡೆಯುಳ್ಳ ದೊಡ್ಡ ನಾಯಿ ಕಚ್ಚಿದರೆ ಆಗುವ ಗಾಯ ಸಣ್ಣ ನಾಯಿಯ ಕಡಿತಕ್ಕಿಂತ ಘೋರ. ನಾಯಿಯ ಬಲ ಹೆಚ್ಚಿದಷ್ಟೂ ಒಡೆಯನ ಹೊಣೆ ಹೆಚ್ಚು.

ಮಲೆನಾಡಿನಲ್ಲಿ ನಾಯಿಯ ಸ್ವಭಾವವನ್ನು ಅರಿಯದಿದ್ದರೆ ನಾಯಿಗೂ ಕೇಡು, ಒಡೆಯನಿಗೂ ಕೇಡು. ಚಿರತೆಗೆ ನಾಯಿ ಸುಲಭವಾದ ಆಹಾರ. ಸದ್ದು ಕೇಳಿದಲ್ಲಿಗೆ ನುಗ್ಗುವ ನಾಯಿಯನ್ನು ಇರುಳು ಹೊರಗೆ ಬಿಡುವುದೂ, ಅದನ್ನು ಬಯಲಿನಲ್ಲಿ ಕಟ್ಟಿಹಾಕುವುದೂ ಅದನ್ನು ಚಿರತೆಗೆ ಒಪ್ಪಿಸಿದಂತೆಯೇ ಸರಿ. ಮೂಡಿಗೆರೆಯ ಸುತ್ತಿನ ತೋಟಗಳಿಗೆ ಆನೆಗಳು ಬರುವುದುಂಟು. ಆನೆಯನ್ನು ಕೆಣಕಿ ಬೊಗಳಿದ ನಾಯಿ ಹೆದರಿ ಹಿಂದಿರುಗುವುದು ಒಡೆಯನ ಕಾಲಬುಡಕ್ಕೆ. ಕೆರಳಿದ ಆನೆಯೂ ಅದರ ಹಿಂದೆಯೇ ಬರಬಹುದು. ಇಂತಹ ತೋಟದೊಳಗೆ ನಡೆಯುವಾಗ ಕರೆದೊಡನೆ ಮರಳುವ ನಾಯಿ ರಕ್ಷಕ, ಮರಳದ ನಾಯಿ ವಿಪತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ನಾಯಿಯ ರಕ್ತದಲ್ಲಿರುವ ಬೇಟೆಯ ಹಂಬಲವನ್ನು ಮಾತ್ರ ಯಾವ ಕಾಯಿದೆಯೂ ಅಳಿಸಲಾರದು. ಅದನ್ನು ಆಟಕ್ಕೂ ಕೆಲಸಕ್ಕೂ ತಿರುಗಿಸುವುದು ಸಾಕುವವನ ಜಾಣ್ಮೆ. ಭದ್ರಾ, ಕುದುರೆಮುಖದ ಕಾಡುಗಳಲ್ಲಿ ಗುಂಪಾಗಿ ಬಾಳುವ ಸೀಳುನಾಯಿ ಬೇರೆಯೇ ಒಂದು ಪ್ರಾಣಿ. ಸಾಕುನಾಯಿಯ ರೋಗಗಳು ಅದಕ್ಕೂ ತಗುಲಬಲ್ಲವಾದುದರಿಂದ ಕಾಡಂಚಿನ ನಾಯಿಗಳಿಗೆ ಲಸಿಕೆ ಹಾಕಿಸುವುದು ಕಾಡಿಗೂ ಮಾಡುವ ಉಪಕಾರ.

ನಾಯಿಗೆ ಮಾತಿಲ್ಲ, ಆದರೆ ಅದರ ಮೈಯೆಲ್ಲ ಮಾತೇ. ಬಾಲವಾಡಿಸುವ ನಾಯಿಯೆಲ್ಲ ಸ್ನೇಹಿತನಲ್ಲ. ಮೈ ಸಡಿಲಬಿಟ್ಟು ಸೊಂಟದೊಡನೆ ಬಾಲವನ್ನು ಅಗಲವಾಗಿ ಆಡಿಸುವುದು ಸಂತೋಷದ ಗುರುತು. ಮೈ ಸೆಟೆದು, ಬಾಲವನ್ನು ನೆಟ್ಟಗೆ ಎತ್ತಿ ಬಿರುಸಾಗಿ ಅಲುಗಿಸುವುದು ಕೆರಳಿಕೆಯ ಗುರುತಾಗಬಹುದು. ಮುಖವನ್ನು ಅತ್ತ ತಿರುಗಿಸುವುದು, ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವು ತನಗೆ ಹಿತವಿಲ್ಲವೆಂದು ನಾಯಿ ತಿಳಿಸುವ ಬಗೆ. ಗುರುಗುಟ್ಟುವುದು ಕಡೆಯ ಎಚ್ಚರಿಕೆ. ಗುರುಗುಟ್ಟಿದುದಕ್ಕಾಗಿ ಹೊಡೆತ ತಿಂದ ನಾಯಿ ಮುಂದೊಮ್ಮೆ ಎಚ್ಚರಿಕೆ ಕೊಡದೆಯೇ ಕಚ್ಚುವುದನ್ನು ಕಲಿಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಮುನ್ನುಗ್ಗುವುದು ವಿವೇಕವಲ್ಲ. ಉಣ್ಣುತ್ತಿರುವ, ಮಲಗಿರುವ, ಮರಿಹಾಕಿರುವ ನಾಯಿಯನ್ನು ಯಾವ ತಳಿಯದಾದರೂ ಕೆಣಕಬಾರದು. ಅಟ್ಟಿಬಂದ ನಾಯಿಯ ಎದುರು ಓಡಬಾರದು, ಕಿರುಚಬಾರದು, ಅದರ ಕಣ್ಣನ್ನು ದಿಟ್ಟಿಸಬಾರದು. ಕೈಗಳನ್ನು ಮೈಗೆ ಸೇರಿಸಿ ಮರದಂತೆ ನಿಂತರೆ ಬಹುಮಟ್ಟಿಗೆ ಅದು ಮೂಸಿ ನೋಡಿ ಹಿಂದಿರುಗುತ್ತದೆ.

ಇಷ್ಟಾದರೂ ಕಚ್ಚಿದರೆ ತಡಮಾಡಕೂಡದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಕಾಫಿಪುಡಿ ಮೊದಲಾದುವನ್ನು ಮೆತ್ತಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡು, ವೈದ್ಯರು ಹೇಳಿದ ದಿನಗಳಲ್ಲಿ ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಬೇಕು. 1885ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿ ಉಳಿಸಿದನು. ರೋಗದ ಲಕ್ಷಣ ತೋರಿದ ಮೇಲೆ ರೇಬೀಸ್‌ನಿಂದ ಬದುಕಿ ಉಳಿಯುವುದು ಅತ್ಯಂತ ಅಪರೂಪ. ಲಕ್ಷಣ ತೋರುವ ಮೊದಲು ಲಸಿಕೆ ದೊರೆತರೆ ಸಾವನ್ನು ತಡೆಯಬಹುದು. ಮನೆಯವರ ಬೈಗುಳಕ್ಕೆ ಹೆದರಿ ಕಡಿತವನ್ನು ಮುಚ್ಚಿಡುವ ಬಾಲಕ ತನ್ನ ಪ್ರಾಣವನ್ನೇ ಪಣಕ್ಕೊಡ್ಡುತ್ತಾನೆ.

ಕನ್ನಡನಾಡು ಸಾವಿರ ವರ್ಷಗಳ ಹಿಂದೆಯೇ ನಾಯಿಯೊಂದನ್ನು ಕಲ್ಲಿನಲ್ಲಿ ನೆನೆದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ಶಾಸನವೊಂದರಲ್ಲಿ ಮಣಲೆರ ಎಂಬ ವೀರನ ಕಥೆಯಿದೆ. ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬೇಕಾದುದನ್ನು ಕೇಳೆಂದಾಗ, ಮಣಲೆರನು ಕೇಳಿದುದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯನ್ನು ಇಂದಿಗೂ ಉಳಿಸಿರುವುದು ಅದರ ಹೆಸರು ಮತ್ತು ಅದು ಮಾಡಿದ ಕೆಲಸ. ತಳಿಯು ನಾಯಿಯ ವಂಶದ ಕಸುಬನ್ನು ತಿಳಿಸುತ್ತದೆ. ಎದುರಿಗಿರುವ ನಾಯಿ ಎಂತಹುದೆಂಬುದನ್ನು ಆ ನಾಯಿಯ ಕಣ್ಣು, ಕಿವಿ, ಬಾಲ, ನಡೆಗಳೇ ತಿಳಿಸಬೇಕು. ತಾಳ್ಮೆಯಿಂದ ನೋಡಬಲ್ಲವನಿಗೆ ಅದು ಯಾವುದನ್ನೂ ಮುಚ್ಚಿಡುವುದಿಲ್ಲ.

ಪದಗಳ ಅರ್ಥ

ಮನೋಧರ್ಮ – ಸ್ವಭಾವ, ಮನಸ್ಸಿನ ಗುಣ
ಇಂಗಿತ – ಮನಸ್ಸಿನ ಅಭಿಪ್ರಾಯ
ಕೃಶ – ತೆಳ್ಳಗಿನ
ವಂಶವಾಹಿ – ತಂದೆತಾಯಿಗಳ ಗುಣವನ್ನು ಮಕ್ಕಳಿಗೆ ಒಯ್ಯುವ ಸೂಕ್ಷ್ಮ ಅಂಶ
ಎರೆಭೂಮಿ – ಕಪ್ಪುಮಣ್ಣಿನ ನೆಲ
ಸುತ್ತೋಲೆ – ಹಲವರಿಗೆ ಕಳುಹಿಸುವ ಸರ್ಕಾರಿ ಪತ್ರ
ಉಣ್ಣೆ – ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ನಾಯಿಯ ಸ್ವಭಾವ ಎಂದರೇನು?
2. ಪಾಯಿಂಟರ್ ನಾಯಿಯ ಬೇಟೆ ಯಾವ ಹಂತದಲ್ಲಿ ನಿಲ್ಲುತ್ತದೆ?
3. ನಾಯಿಮರಿಯ ಬೆಳವಣಿಗೆಯಲ್ಲಿ ಯಾವ ವಾರಗಳು ಮುಖ್ಯವಾದುವು?
4. ಮಣಲೆರನು ಚಕ್ರವರ್ತಿಯನ್ನು ಏನು ಕೇಳಿದನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಮುಧೋಳದ ನಾಯಿ ಕಾಫಿ ತೋಟಕ್ಕೆ ಏಕೆ ಒಗ್ಗುವುದಿಲ್ಲ?
2. ನಾಡುನಾಯಿಯನ್ನು ‘ಇಲ್ಲಿಯ ಬದುಕು ಆರಿಸಿತು’ ಎಂಬ ಮಾತಿನ ಅರ್ಥವೇನು?
3. ಗುರುಗುಟ್ಟುವ ನಾಯಿಯನ್ನು ಹೊಡೆಯುವುದು ಏಕೆ ಅಪಾಯಕರ?
4. ನಾಯಿ ಕಚ್ಚಿದಾಗ ಕೂಡಲೇ ಮಾಡಬೇಕಾದುದೇನು?

ಇ) ಹತ್ತು ವಾಕ್ಯಗಳಲ್ಲಿ ವಿವರಿಸಿ:
1. ತೋಳದ ಬೇಟೆಯ ಸರಪಳಿಗೂ ನಾಯಿಯ ತಳಿಗಳ ಸ್ವಭಾವಕ್ಕೂ ಇರುವ ಸಂಬಂಧ.
2. ‘ತಳಿಯನ್ನು ತಿಳಿದರೆ ನಾಯಿಯನ್ನು ತಿಳಿದಂತಾಗುವುದಿಲ್ಲ.’ ಈ ಮಾತನ್ನು ಪಾಠದ ಆಧಾರದಿಂದ ಸಮ್ಮತಿಸಿ ಅಥವಾ ವಿರೋಧಿಸಿ ಬರೆಯಿರಿ.

ಈ) ಬಿಡಿಸಿ ಸಂಧಿಯನ್ನು ಹೆಸರಿಸಿ:
ತಂದೊಪ್ಪಿಸು, ಸಂಜೆಗತ್ತಲು, ನ್ಯಾಯಾಲಯ, ಮನೆಯವರು

ಉ) ಮಾಡಿ ನೋಡಿ:
ನಿಮ್ಮ ಮನೆಯ ಅಥವಾ ನೆರೆಮನೆಯ ನಾಯಿಯೊಂದನ್ನು ದೂರದಿಂದ ಒಂದು ವಾರ ಗಮನಿಸಿ. ಊಟದ ಹೊತ್ತಿನಲ್ಲಿ, ಹೊಸಬರು ಬಂದಾಗ, ಇರುಳು ಸದ್ದು ಕೇಳಿದಾಗ ಅದರ ಕಿವಿ, ಬಾಲ, ದನಿಗಳು ಹೇಗಿರುವುವೆಂಬುದನ್ನು ದಿನದಿನವೂ ಬರೆದಿಡಿ.